ಆಂಟಿವೈರಸ್ ಎಚ್ಚರಿಕೆ ಸುಳ್ಳಿರಬಹುದೇ? ಪರೀಕ್ಷಿಸುವುದು ಹೇಗೆ?

“ಇನ್‌ಸ್ಟಾಲ್ ಮಾಡುವಾಗ ವೈರಸ್ ಅಂತ ತೋರಿಸುತ್ತೆ, ಹೆದರಬೇಡಿ. ಅದು ಸುಳ್ಳು ಎಚ್ಚರಿಕೆ. ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಹಾಕಿಕೊಳ್ಳಿ.” ವಾಟ್ಸ್‌ಆ್ಯಪ್‌ನಲ್ಲಿ ಆ್ಯಪ್ ಫೈಲ್‌ಗಳ ಜೊತೆ ಇಂಥ ಮಾತೂ ಬರುತ್ತದೆ. ಇದರಲ್ಲಿ ಅರ್ಧ ನಿಜವಿದೆ. ಜನ ಮೋಸ ಹೋಗುವುದೂ ಆ ಅರ್ಧದಿಂದಲೇ.

ಆಂಟಿವೈರಸ್ ತಪ್ಪುವುದುಂಟು. ಒಳ್ಳೆಯ ಫೈಲನ್ನು ಕೆಟ್ಟದ್ದೆಂದು ಹಿಡಿದರೆ ಅದನ್ನು ‘ಫಾಲ್ಸ್ ಪಾಸಿಟಿವ್’ ಎನ್ನುತ್ತಾರೆ. 2010ರ ಏಪ್ರಿಲ್ 21ರಂದು ಮೆಕಾಫಿ ಕಂಪನಿಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲೊಂದನ್ನೇ ವೈರಸ್ ಎಂದು ಭಾವಿಸಿತು. ಹಲವು ದೇಶಗಳ ಕಚೇರಿ, ಆಸ್ಪತ್ರೆಗಳಲ್ಲಿ ಕಂಪ್ಯೂಟರುಗಳು ತಾವಾಗಿಯೇ ಮತ್ತೆ ಮತ್ತೆ ಆಫ್ ಆಗಿ ಆನ್ ಆಗತೊಡಗಿದವು. ಫೋನಿನ ಉದಾಹರಣೆಯೂ ಇದೆ. 2023ರ ಅಕ್ಟೋಬರ್ ಕೊನೆಯಲ್ಲಿ ಹುವಾವೇ, ಹಾನರ್, ವಿವೋ ಕಂಪನಿಗಳ ಕೆಲವು ಫೋನ್‌ಗಳು ಗೂಗಲ್ ಆ್ಯಪನ್ನೇ ಅಪಾಯಕಾರಿ ಎಂದು ತೋರಿಸಿ, ತೆಗೆದುಹಾಕಿ ಎಂದವು. ಈ ಎಚ್ಚರಿಕೆ ನಮ್ಮ ಪ್ಲೇ ಪ್ರೊಟೆಕ್ಟ್‌ನಿಂದ ಬಂದದ್ದಲ್ಲ ಎಂದು ಗೂಗಲ್ ಸ್ಪಷ್ಟಪಡಿಸಬೇಕಾಯಿತು.

ಹೀಗೇಕಾಗುತ್ತದೆ? ಪೊಲೀಸರು ಹಳೆಯ ಕಳ್ಳರ ಬೆರಳಚ್ಚು ಇಟ್ಟುಕೊಳ್ಳುವಂತೆ ಆಂಟಿವೈರಸ್ ಕೂಡ ಗೊತ್ತಿರುವ ವೈರಸ್‌ಗಳ ಗುರುತು ಇಟ್ಟುಕೊಂಡಿರುತ್ತದೆ. ಆದರೆ ಹೊಸ ಕಳ್ಳರ ಬೆರಳಚ್ಚು ಇರುವುದಿಲ್ಲವಲ್ಲ. ಆಗ ನಡವಳಿಕೆ ನೋಡಿ ಅನುಮಾನಪಡುತ್ತದೆ. ನೀವು ಒತ್ತಿದ ಕೀಲಿಯನ್ನು ಹಿಡಿದು ಕನ್ನಡ ಅಕ್ಷರವಾಗಿಸುವ ಟೈಪಿಂಗ್ ತಂತ್ರಾಂಶವೂ, ಪಾಸ್‌ವರ್ಡ್ ಕದಿಯಲು ಕೀಲಿಗಳನ್ನು ದಾಖಲಿಸುವ ತಂತ್ರಾಂಶವೂ ಶುರುವಿನಲ್ಲಿ ಮಾಡುವ ಕೆಲಸ ಒಂದೇ ಬಗೆಯದು. ದೂರದಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣಬಹುದು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಮೊದಲು, ಎಚ್ಚರಿಕೆ ಕೊಟ್ಟದ್ದು ಯಾರು ಎಂದು ನೋಡಿ. ಯಾವುದೋ ವೆಬ್‌ಸೈಟ್ ನೋಡುತ್ತಿರುವಾಗ “ನಿಮ್ಮ ಫೋನಿನಲ್ಲಿ 13 ವೈರಸ್‌ಗಳಿವೆ” ಎಂದು ಕಿರುಚುವ ಪುಟ ತೆರೆದರೆ ಅದು ಆಂಟಿವೈರಸ್ ಅಲ್ಲವೇ ಅಲ್ಲ, ಜಾಹೀರಾತು ಅಥವಾ ಮೋಸ. ವೆಬ್‌ಪುಟಕ್ಕೆ ನಿಮ್ಮ ಫೋನಿನ ಒಳಗೆಲ್ಲ ವೈರಸ್ ಹುಡುಕುವ ಶಕ್ತಿಯಿಲ್ಲ. ಅಲ್ಲಿರುವ ಗುಂಡಿ ಯಾವುದನ್ನೂ ಒತ್ತದೆ ಪುಟ ಮುಚ್ಚಿದರೆ ಸಾಕು.

ಎಚ್ಚರಿಕೆ ನಿಜವಾದ ಆಂಟಿವೈರಸ್‌ನದೇ ಆಗಿದ್ದರೆ ಎರಡನೇ ಅಭಿಪ್ರಾಯ ಕೇಳಬಹುದು, ವೈದ್ಯರ ವಿಷಯದಲ್ಲಿ ಕೇಳುವಂತೆ. ಗೂಗಲ್ ಒಡೆತನದ ವೈರಸ್‌ಟೋಟಲ್ ಎಂಬ ಉಚಿತ ತಾಣವಿದೆ. ಫೋನಿನ ಬ್ರೌಸರ್‌ನಲ್ಲೂ ತೆರೆಯುತ್ತದೆ. ಫೈಲನ್ನು ತೆರೆಯದೆ, ಇನ್‌ಸ್ಟಾಲ್ ಮಾಡದೆ ಅಲ್ಲಿಗೆ ಅಪ್‌ಲೋಡ್ ಮಾಡಿದರೆ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಒಂದು ಮಾತು: ಅಲ್ಲಿ ಹಾಕಿದ ಫೈಲುಗಳು ಭದ್ರತಾ ಕಂಪನಿಗಳಿಗೂ ಸಿಗುತ್ತವೆ. ಆಧಾರ್ ಪ್ರತಿ, ಬ್ಯಾಂಕ್ ದಾಖಲೆಗಳನ್ನು ಹಾಕಲೇಬೇಡಿ.

ಫಲಿತಾಂಶ ಓದುವುದಕ್ಕೂ ಸ್ವಲ್ಪ ವಿವೇಚನೆ ಬೇಕು. ಹೆಸರಾಂತ ಆಂಟಿವೈರಸ್‌ಗಳೆಲ್ಲ ಸುಮ್ಮನಿದ್ದು, ಒಂದೋ ಎರಡೋ ಮಾತ್ರ ‘ಜೆನೆರಿಕ್’, ‘ಹ್ಯೂರಿಸ್ಟಿಕ್’ ಎಂಬಂಥ ಹೆಸರಿನಲ್ಲಿ ಅನುಮಾನಪಟ್ಟಿದ್ದರೆ ಅದು ಫಾಲ್ಸ್ ಪಾಸಿಟಿವ್ ಇರುವ ಸಾಧ್ಯತೆ ಹೆಚ್ಚು. ಹಲವು ಕಂಪನಿಗಳು ಒಂದೇ ಜಾತಿಯ ವೈರಸ್ ಎಂದಿದ್ದರೆ ವಾದ ಬೇಡ, ಡಿಲೀಟ್ ಮಾಡಿ. ಒಂದೂ ಕೆಂಪು ಇಲ್ಲದಿದ್ದರೆ? ಇಲ್ಲೇ ಹಲವರು ಎಡವುವುದು. ನಿನ್ನೆ ತಯಾರಾದ ಕಳ್ಳ ಆ್ಯಪ್ ಇನ್ನೂ ಯಾರ ಕಣ್ಣಿಗೂ ಬಿದ್ದಿರದೇ ಇರಬಹುದು. ಆ ತಾಣದ ವಿವರಗಳ ಭಾಗದಲ್ಲಿ ಫೈಲ್ ಅಲ್ಲಿಗೆ ಮೊದಲು ಬಂದ ದಿನಾಂಕ ಇರುತ್ತದೆ. ಲಕ್ಷಾಂತರ ಜನ ಬಳಸುವ ಆ್ಯಪ್ ಎನ್ನುತ್ತಾರೆ, ಆದರೆ ಫೈಲನ್ನು ಅಲ್ಲಿಗೆ ಮೊದಲು ಹಾಕಿದವರು ನೀವೇ ಎಂದಾದರೆ ಅನುಮಾನ ಪಡಲೇಬೇಕು.

ನಮಗೆ ಇದೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಫೈಲ್ ಬಂದ ದಾರಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಬ್ಯಾಂಕಿನ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲುಗಳಿಂದ ದೇಶದ ಹಲವೆಡೆ ಜನ ಹಣ ಕಳೆದುಕೊಂಡಿದ್ದಾರೆ. ಕರೆಯೋಲೆ ಫೋಟೋ ಅಥವಾ ಪಿಡಿಎಫ್ ಆಗಿರುತ್ತದೆ, ಅದಕ್ಕೆ ಇನ್‌ಸ್ಟಾಲ್ ಮಾಡುವ ಕೆಲಸವೇನು? ಇವು ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುತ್ತವೆ, ಒಟಿಪಿ ಅವರ ಕೈಗೆ ಹೋಗುತ್ತದೆ. ಕಳಿಸಿದವರು ನಿಮ್ಮ ಚಿಕ್ಕಪ್ಪನೇ ಆಗಿರಲಿ, ಅವರ ವಾಟ್ಸ್‌ಆ್ಯಪನ್ನೇ ಕಳ್ಳರು ವಶಪಡಿಸಿಕೊಂಡಿರಬಹುದು. ಒಂದು ಫೋನ್ ಮಾಡಿ ಕೇಳಿ. ಎಚ್ಚರಿಕೆ ತಪ್ಪೆಂದು ಹೇಳಬೇಕಾದವರು ಆಂಟಿವೈರಸ್ ಕಂಪನಿಯವರು. ಅವರಿಗೆ ಫೈಲ್ ಕಳಿಸಿ ಮರುಪರಿಶೀಲನೆ ಕೇಳಲು ಹೆಚ್ಚಿನ ಕಂಪನಿಗಳ ತಾಣದಲ್ಲೇ ಅವಕಾಶವಿದೆ. ಫೈಲ್ ಕಳಿಸಿದವರೇ “ಎಚ್ಚರಿಕೆ ಸುಳ್ಳು” ಎಂದರೆ ಅದು ಪುರಾವೆಯಲ್ಲ.

ಈಗಾಗಲೇ ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಮಾಡಿ, ಆ ಆ್ಯಪ್ ತೆಗೆಯಿರಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ವಹಿವಾಟು ತಡೆಹಿಡಿಸಿ, ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.