ಲಾಗ್ ಅವರವರಲ್ಲಿ, ಲೆಕ್ಕ ಎಲ್ಲರಲ್ಲಿ

ಸಂಸ್ಥೆಯೊಂದರ ಕಂಪ್ಯೂಟರ್ ಜಾಲ ದಿನವಿಡೀ ಬರೆದಿಡುವ ದಾಖಲೆಗೆ ಲಾಗ್ ಎನ್ನುತ್ತಾರೆ. ಯಾವ ಐಪಿ ವಿಳಾಸ ಯಾವ ಹೊತ್ತಿನಲ್ಲಿ ಯಾವ ಸರ್ವರನ್ನು ತಟ್ಟಿತು, ಎಷ್ಟು ದತ್ತಾಂಶ ಹೋಗಿಬಂತು ಎಂಬಂಥ ವಿವರಗಳಷ್ಟೇ ಅದರಲ್ಲಿರುತ್ತವೆ. ಮಾತಿನ ಒಳಗೇನಿತ್ತು ಎಂಬುದು ಇರುವುದಿಲ್ಲ. ಆದರೂ ಕ್ಯಾನ್ಸರ್ ಆಸ್ಪತ್ರೆಯ ತಾಣವನ್ನು ನಡುರಾತ್ರಿ ಮತ್ತೆ ಮತ್ತೆ ತೆರೆದ ವಿಳಾಸ ಯಾರ ಮನೆಯದೆಂದು ತಿಳಿದರೆ, ಒಳಗಿನ ಮಾತು ಕೇಳಬೇಕಾಗಿಯೂ ಇಲ್ಲ.

ಇಂಥ ದಾಖಲೆಯನ್ನು ಹಂಚಿಕೊಳ್ಳದೆಯೂ ವಿಧಿಯಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಒಂದೊಂದು ಸಹಕಾರ ಬ್ಯಾಂಕನ್ನು ಊಹಿಸಿಕೊಳ್ಳಬಹುದು. ಒಂದೇ ವಿಳಾಸದಿಂದ ತಪ್ಪು ಪಾಸ್‌ವರ್ಡ್ ಪ್ರಯತ್ನ ಪ್ರತಿ ಕಡೆ ಹತ್ತಿಪ್ಪತ್ತು. ಬಿಡಿಯಾಗಿ ನೋಡಿದರೆ ಮರೆಗುಳಿ ಗ್ರಾಹಕ. ಕೂಡಿಸಿ ನೋಡಿದರೆ ಕಳ್ಳ. ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಹೇಳಿದೆ. ಸರಕಿಗೆ ಕೊರತೆಯಿಲ್ಲ, ಕೂಡಿಸುವ ಬಗೆಯಲ್ಲಿದೆ ತೊಡಕು.

ಥಟ್ಟನೆ ಹೊಳೆಯುವ ಉಪಾಯ, ವಿಳಾಸಗಳನ್ನು ಹ್ಯಾಶ್ ಮಾಡಿ, ಅಂದರೆ ನೇರವಾಗಿ ಹಿಂದಿರುಗಿಸಲಾಗದ ಸಂಕೇತವಾಗಿ ಬದಲಿಸಿ, ಕೊಡುವುದು. ಇದು ಜರಡಿಯಿಂದ ಮುಖ ಮುಚ್ಚಿಕೊಂಡಂತೆ. ಐಪಿವಿ4 ಎಂಬ ವಿಳಾಸ ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ; ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸಲು ಮಾಮೂಲಿ ಕಂಪ್ಯೂಟರಿಗೂ ಬಹಳ ಹೊತ್ತು ಬೇಡ. ಗುಟ್ಟಿನ ಕೀಲಿ ಬೆರೆಸಿದರೂ ನಡವಳಿಕೆಯ ಜಾಡು ಅಳಿಯುವುದಿಲ್ಲ. ಸಣ್ಣ ಊರಿನಲ್ಲಿ ನಸುಕಿನ ನಾಲ್ಕೂವರೆಗೆ ಲಾಗಿನ್ ಆಗುವವರು ಒಬ್ಬರೇ ಇರಬಹುದು; ಅದು ಯಾರೆಂದು ಓಣಿಗೆಲ್ಲ ಗೊತ್ತಿರುತ್ತದೆ.

ದಾಖಲೆ ಕೈಬಿಡದೆ ಉತ್ತರ ಮಾತ್ರ ಪಡೆಯುವ ದಾರಿಯನ್ನು 1982ರಲ್ಲಿ ಕಂಪ್ಯೂಟರ್ ವಿಜ್ಞಾನಿ ಆಂಡ್ರ್ಯೂ ಯಾವೊ ತೆರೆದರು. ಅದರ ಸರಳ ರೂಪ ಹೀಗೆ. ಶಂಕಿತ ವಿಳಾಸವೊಂದರ ಬಗ್ಗೆ ಅರಕಲಗೂಡಿನ ಎಣಿಕೆ 14 ಎನ್ನೋಣ. ಬ್ಯಾಂಕು ಅದನ್ನು 530, -811, 290, 5 ಎಂದು ಮನಬಂದಂತೆ ಒಡೆದು, ಒಂದು ಚೂರನ್ನು ತಾನಿಟ್ಟುಕೊಂಡು ಉಳಿದವನ್ನು ಮೂರೂ ಬ್ಯಾಂಕುಗಳಿಗೆ ಒಂದೊಂದಾಗಿ ಕಳಿಸುತ್ತದೆ. ಉಳಿದವರೂ ಹಾಗೆಯೇ ಮಾಡುತ್ತಾರೆ. ಎಲ್ಲರೂ ತಮ್ಮ ಕೈಲಿರುವ ಚೂರುಗಳ ಮೊತ್ತವನ್ನಷ್ಟೇ ಹೊರಗಿಟ್ಟರೆ, ಆ ನಾಲ್ಕನ್ನು ಕೂಡಿದಾಗ ಒಟ್ಟು ಎಣಿಕೆ ಸಿಗುತ್ತದೆ. 14 ಯಾರ ಕಣ್ಣಿಗೂ ಬೀಳುವುದಿಲ್ಲ.

ಇದು ಬರಿಯ ಕಾಗದದ ಗಣಿತವಲ್ಲ. 2008ರಲ್ಲಿ ಡೆನ್ಮಾರ್ಕಿನ ಸುಮಾರು 1,200 ಸಕ್ಕರೆ ಬೀಟ್ ಬೆಳೆಗಾರರ ಹರಾಜು ಇದೇ ಬಗೆಯ ಲೆಕ್ಕದಲ್ಲಿ ನಡೆಯಿತು. ತಮ್ಮ ದರ ಕಾರ್ಖಾನೆಗೆ ತಿಳಿದರೆ ತಮ್ಮ ಬಂಡವಾಳವೇ ಬಯಲಾಗುತ್ತದೆಂಬುದು ಅವರ ಅಳುಕು. ಕಬ್ಬು ಬೆಳೆಯುವ ಚನ್ನರಾಯಪಟ್ಟಣದ ರೈತನಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಈ ಲೆಕ್ಕ ಅಭೇದ್ಯವೂ ಅಲ್ಲ. ಇಬ್ಬರೇ ಸೇರಿದರೆ ಮೊತ್ತದಲ್ಲಿ ತನ್ನದನ್ನು ಕಳೆದವನಿಗೆ ಇನ್ನೊಬ್ಬನದು ಸಿಕ್ಕಿತು. ನಾಲ್ವರಲ್ಲಿ ಮೂವರು ಕೈಜೋಡಿಸಿದರೂ ಅಷ್ಟೇ. ಎಷ್ಟು ಮಂದಿ ಸೇರಬೇಕು, ಯಾವ ಪ್ರಶ್ನೆಯನ್ನು ಎಷ್ಟು ಸಲ ಕೇಳಬಹುದು ಎಂಬ ಕಟ್ಟಳೆಯನ್ನು ಮೊದಲೇ ಬರೆದಿಡಬೇಕಾಗುತ್ತದೆ.

ಕಟ್ಟಳೆ ಬರೆಯುವಾಗ ನೆನೆಯಬೇಕಾದ ತೀರ್ಪೊಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. ಅದರೊಳಗೆ ಕೈಯಿಡುವ ಸರ್ಕಾರದ ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕೆಂಬ ಅಳತೆಗೋಲನ್ನೂ ಕೊಟ್ಟಿತು. ಸಂಸ್ಥೆಗಳಿಗೂ ಅದೇ ಗೋಲು ಹಿಡಿದರೆ, ಒಟ್ಟು ಎಣಿಕೆ ಸಾಕಾಗುವಲ್ಲಿ ಇಡೀ ಲಾಗ್ ಕೇಳುವುದು ಅತಿಯೇ ಸರಿ.