ಹೆಡ್ ಮಿಸ್ಸನ್ನು ತರಗತಿಗೆ ಬಿಡಿ

ಸರ್ಕಾರದ ಯಾವ ಪಠ್ಯಪುಸ್ತಕ ತೆರೆದರೂ ಮೊದಲ ಪುಟಗಳಲ್ಲಿ ಒಂದು ವಿಳಾಸ ಸಿಗುತ್ತದೆ: 100 ಅಡಿ ವರ್ತುಲ ರಸ್ತೆ, ಬನಶಂಕರಿ 3ನೇ ಹಂತ. ಅದು ಕರ್ನಾಟಕ ಪಠ್ಯಪುಸ್ತಕ ಸಂಘದ ವಿಳಾಸ. ಶಿಕ್ಷಕರ ತರಬೇತಿ ರೂಪಿಸುವ ಡಿಎಸ್‌ಇಆರ್‌ಟಿ ಇರುವುದೂ ಅದೇ ರಸ್ತೆಯಲ್ಲಿ. ಬೀದರಿನ ಮಗು ಏನು ಓದಬೇಕು, ಚಾಮರಾಜನಗರದ ಮೇಷ್ಟ್ರು ಹೇಗೆ ಪಾಠ ಮಾಡಬೇಕು ಎಂಬುದು ನಮ್ಮ ಬನಶಂಕರಿಯಲ್ಲಿ ಕಾಗದಕ್ಕೆ ಇಳಿಯುತ್ತದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು ನಾನು. ಕಾಗದದ ಮೇಲೆ ನನಗೆ ಸಿಟ್ಟಿಲ್ಲ, ಅದು ಬಹುಪಾಲು ಚೆನ್ನಾಗಿಯೇ ಇರುತ್ತದೆ. ಅದನ್ನು ತರಗತಿಯವರೆಗೆ ಒಯ್ಯಬೇಕಾದವರಿಗೆ ಆಫೀಸ್ ರೂಮಿನಿಂದ ಎದ್ದೇಳಲು ಆಗುವುದಿಲ್ಲ ಎಂಬುದೇ ನನ್ನ ತಕರಾರು.

ಪ್ರಾರ್ಥನೆ ಮುಗಿಯುವ ಮೊದಲೇ ಹಾಲಿನ ಪುಡಿಯ ಲೆಕ್ಕ. ಊಟ ವ್ಯಾನಿನಲ್ಲಿ ಬರುತ್ತದೆ, ಮೊಟ್ಟೆ ಮಾತ್ರ ನಾವೇ ತರಬೇಕು. ಒಂದಕ್ಕೆ ನಮಗೆ ಸಿಗುತ್ತಿದ್ದದ್ದು 6 ರೂಪಾಯಿ, ಅದರಲ್ಲೇ ಬೇಯಿಸುವ ಗ್ಯಾಸು, ಅದರಲ್ಲೇ ಸುಲಿಯುವ ಕೂಲಿ. ಅಂಗಡಿಯಲ್ಲಿ ದರ ಏರಿದ ವಾರ ಉಳಿದದ್ದು ಹೆಡ್ ಮಿಸ್ಸಿನ ಪರ್ಸಿನಿಂದ. ಮಗುವಿಗೆ ವಿದ್ಯಾರ್ಥಿ ದಾಖಲೆಯ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ತಿದ್ದಿಸೋಣವೆಂದರೆ ತಾಯಿ ಗಾರೆ ಕೆಲಸದ ಒಂದು ದಿನದ ಕೂಲಿ ಬಿಟ್ಟು ಬರಬೇಕು. ಇಷ್ಟಕ್ಕೂ ಪ್ರಾಥಮಿಕ ಶಾಲೆಗೆ ಗುಮಾಸ್ತರೆಂಬವರು ಇರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಬಾಗಿಲು ತಟ್ಟಿದವರು ಯಾರು? ಆ ವರ್ಷದ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದದ್ದೇಕೆ?

ಒಮ್ಮೆ ಸುತ್ತಲಿನ ಶಾಲೆಗಳ ಕ್ಲಸ್ಟರ್ ಮೀಟಿಂಗ್ ರದ್ದಾಗಿ ಮಧ್ಯಾಹ್ನ ಬಿಡುವಾಯಿತು. ನಾಲ್ಕನೇ ತರಗತಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಬೋರ್ಡಿನ ಮೇಲೆ 52ರಲ್ಲಿ 27 ಕಳೆಯುವ ಲೆಕ್ಕ. ಟೀಚರು ಹೊಸಬರೇನಲ್ಲ, ಹತ್ತರ ಸ್ಥಾನದಿಂದ ಸಾಲ ತರುವುದನ್ನು ಬಣ್ಣದ ಚಾಕ್‌ಪೀಸಿನಲ್ಲಿ ಚೆಂದವಾಗಿ ತೋರಿಸಿದರು. ಆದರೂ ನನ್ನ ಪಕ್ಕದ ಹುಡುಗನ ಸ್ಲೇಟಿನಲ್ಲಿ 35. ಯಾದಗಿರಿ ಕಡೆಯಿಂದ ಬಂದವನು. ಅಪ್ಪ ಅಮ್ಮ ಜೆ.ಪಿ. ನಗರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟ್‌ಗೆ ಕಲ್ಲು ಹೊರುತ್ತಿದ್ದರು. ಹೇಗೆ ಬಂತಪ್ಪ ಇದು ಎಂದೆ. ‘ಏಳರಾಗ ಎರಡು ಹೋದ್ರ ಐದು. ದೊಡ್ಡದ್ರಾಗ ಸಣ್ಣದು ಕಳೀಬೇಕಲ್ರಿ ಮಿಸ್?’ ಎಂದ.

ಅವನು ಹೇಳಿದ್ದು ನಾವೇ ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ ಮಾತು! ಬೋರ್ಡಿನ ಮುಂದೆ ನಿಂತವರಿಗೆ ತಪ್ಪು ಉತ್ತರ ಕಾಣುತ್ತದೆ. ಅದು ಹುಟ್ಟುವ ಬಗೆ ಕಾಣುವುದು ಪಕ್ಕದಲ್ಲಿ ಕೂತವರಿಗೆ. ಪೀರಿಯಡ್ ಮುಗಿದ ಮೇಲೆ ಟೀಚರೂ ನಾನೂ ಅವನ ಕೈಗೆ ಹತ್ತರ ಐದು ನೋಟು, ಒಂದು ರೂಪಾಯಿಯ ಎರಡು ಬಿಲ್ಲೆ ಕೊಟ್ಟು, ಅಂಗಡಿಯವರಿಗೆ 27 ಕೊಡು ಎಂದೆವು. ನೋಟು ನೋಡಿದ, ಬಿಲ್ಲೆ ನೋಡಿದ. ‘ಒಂದು ನೋಟು ಚಿಲ್ಲರ ಮಾಡಸ್ಬೇಕ್ರಿ ಮಿಸ್.’ ಮರುದಿನ ಇಡೀ ತರಗತಿಯ ಪಾಠ ಶುರುವಾದದ್ದು ಚಿಲ್ಲರೆಯಿಂದ. ಆಮೇಲೆ ಇಬ್ಬರೂ ಒಂದನೇ ತರಗತಿಯ ಮಿಸ್ ಹತ್ತಿರ ಹೋಗಿ, ‘ದೊಡ್ಡದರಲ್ಲಿ ಚಿಕ್ಕದು’ ಎನ್ನುವುದನ್ನು ಮೇಲಿನದರಲ್ಲಿ ಕೆಳಗಿನದು ಎಂದು ಬದಲಿಸೋಣವೇ ಎಂದು ಕೇಳಿದೆವು. ಅವರು ಮೊದಲು ಮುಖ ಸಿಂಡರಿಸಿದರು, ಆಮೇಲೆ ಬದಲಿಸಿದರು.

ಶಾಲೆ ಸುಧಾರಿಸುವುದು ಹೀಗೆ ಎಂದೇ ನನ್ನ ನಂಬಿಕೆ. ಚಟುವಟಿಕೆಯಿಂದ ಕಲಿಸುವ ನಲಿ–ಕಲಿ ಪದ್ಧತಿ ಹುಟ್ಟಿದ್ದೂ ಹೆಚ್ಚುಕಡಿಮೆ ಹೀಗೆಯೇ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ಕಣ್ಣಾರೆ ಕಂಡು ಬಂದು, ಯುನಿಸೆಫ್ ನೆರವಿನಲ್ಲಿ ತಾವೇ ಕೂತು ಕಾರ್ಡು, ಕಲಿಕಾ ಏಣಿ ಮಾಡಿದರು. 2009ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕಾರ್ಡೇನೋ ಎಲ್ಲ ಶಾಲೆಗೂ ತಲುಪಿತು. ಒಬ್ಬರ ಪಾಠ ಇನ್ನೊಬ್ಬರು ನೋಡಿ, ಕೂತು, ತಿದ್ದುವ ಅಭ್ಯಾಸವನ್ನು ಲಾರಿಯಲ್ಲಿ ಕಳುಹಿಸಲು ಬರುವುದಿಲ್ಲ.

ನಮ್ಮವರದೂ ತಪ್ಪಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಹಿಂದಿನ ಬೆಂಚಿನಲ್ಲಿ ಯಾರಾದರೂ ಕೂತರೆ ಇನ್‌ಸ್ಪೆಕ್ಷನ್ ಎಂದೇ ಎದೆ ಢವಗುಟ್ಟುತ್ತದೆ. ‘ನನ್ನ ಸೆಕ್ಷನ್‌ಗೆ ಯಾಕೆ ಬಂದ್ರಿ’ ಎಂದು ಸ್ಟಾಫ್ ರೂಮಿನಲ್ಲಿ ವಾರಗಟ್ಟಲೆ ಮಾತು ಬಿಟ್ಟವರಿದ್ದಾರೆ. ಹಾಗೆಂದು ಬಾಗಿಲು ಹಾಕಿಕೊಂಡು ಪಾಠ ಮಾಡುವ ಹಕ್ಕು ಯಾವ ಟೀಚರಿಗೂ ಇಲ್ಲ. ಜಯನಗರದ ಖಾಸಗಿ ಶಾಲೆಗಳೇನೂ ಮೇಲಲ್ಲ. ನಾನು ಬಲ್ಲ ಪ್ರಿನ್ಸಿಪಾಲರು ಅಡ್ಮಿಷನ್ ಕೌಂಟರಿನಲ್ಲಿ ಕಳೆಯುವ ಹೊತ್ತಿಗೆ ತರಗತಿಯಲ್ಲಿ ಕಳೆಯುವುದು ಸಾಟಿಯಲ್ಲ.

ಕೆಳಗಿನ ತರಗತಿಗಳಲ್ಲಿ ಹೀಗಿದ್ದರೆ ಮೇಲೆ ಏನಾಗುತ್ತದೆಂದು 2024ರ ಎಸ್‌ಎಸ್‌ಎಲ್‌ಸಿ ತೋರಿಸಿತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ ವರ್ಷ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಕ್ಯಾಮೆರಾ ಇಟ್ಟದ್ದು ಸರಿ. ಆದರೆ ಅದು ನೋಡುವುದು ಪರೀಕ್ಷೆಯನ್ನು. ನಾಲ್ಕನೇ ತರಗತಿಯ ಆ 35 ಅದಕ್ಕೆ ಕಾಣುವುದಿಲ್ಲ.

ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಎಚ್. ನರಸಿಂಹಯ್ಯನವರು ಹಾಸ್ಟೆಲ್ ರೂಮನ್ನೇ ಮನೆ ಮಾಡಿಕೊಂಡು ಬದುಕಿದರು. ಅಷ್ಟನ್ನು ನಾನು ಯಾರಿಂದಲೂ ಕೇಳುತ್ತಿಲ್ಲ. ಕ್ಲಸ್ಟರಿಗೆ ಒಬ್ಬರಾದರೂ ಗುಮಾಸ್ತರನ್ನು ಕೊಡಿ, ಮೊಟ್ಟೆ, ಹಾಲು, ಎಸ್‌ಎಟಿಎಸ್ ಅವರು ನೋಡಿಕೊಳ್ಳಲಿ. ಪ್ರತಿಯಾಗಿ ಹೆಡ್ ಮಿಸ್ ದಿನಕ್ಕೊಂದು ಪೀರಿಯಡ್ ಯಾವುದಾದರೂ ತರಗತಿಯ ಹಿಂದೆ ಕೂರಲಿ, ಕೈಯಲ್ಲಿ ಯಾವ ಫಾರಂ ಇಲ್ಲದೆ. ಶನಿವಾರದ ಅರ್ಧ ದಿನದಲ್ಲಿ ಟೀಚರುಗಳು ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಲಿ.

ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು ಬಂದು ಎರಡು ದಶಕ ದಾಟಿತು. ಮುಂದಿನ ಸಭೆಯಲ್ಲಿ ನೀರಿನ ಟ್ಯಾಂಕು, ಸುಣ್ಣಬಣ್ಣದ ಮಾತು ಮುಗಿದ ಮೇಲೆ ಯಾರಾದರೂ ತಾಯಿ ಎದ್ದು, ‘ಮಿಸ್, ಈ ವಾರ ಯಾವ ಕ್ಲಾಸಲ್ಲಿ ಕೂತಿದ್ರಿ?’ ಎಂದು ಕೇಳಲಿ. ಪುರುಸೊತ್ತು ಸಿಗಲಿಲ್ಲ ಎಂಬ ಉತ್ತರ ಬಂದರೆ, ಅದನ್ನು ಹಾಗೆಯೇ ನಡಾವಳಿ ಪುಸ್ತಕದಲ್ಲಿ ಬರೆಸಿ ಬಿಇಒ ಆಫೀಸಿಗೆ ಕಳುಹಿಸಲಿ.