ಹಮ್ಮೀಣಿಯ ಸಹವಾಸ

ಈ ಸಲ ನಮ್ಮ ಹರಟೆ ಸೊಂಟದ ಮೇಲೆ ಬಂದು ನಿಂತಿದೆ, ವಾಚಕರು ಕ್ಷಮಿಸಬೇಕು.

ತಂದೆಯವರು ತೀರಿಕೊಂಡ ಮೇಲೆ ತಾಯಿಯವರು ತಮ್ಮ ಪಾಟಲಿ, ಬಿಲವಾರ, ಪುತಳಿ ಸರಗಳನ್ನು ನಮ್ಮ ಕೈಗೆ ಕೊಟ್ಟು, "ತಂಗೀ ಲಗ್ನಕ್ಕ ತಂದುಕೊಡು" ಎಂದಿದ್ದರು. ಎಲ್ಲ ಸೇರಿ ಒಂಬತ್ತು ತೊಲ. ತಂಗಿಗೆ ಹಾಕಲು ಇದ್ದ ಬಂಗಾರವೆಲ್ಲ ಅಷ್ಟೇ. ಲಗ್ನ ಗೊತ್ತಾಯಿತು. ಮುಂಬಯಿಯ ಬ್ಯಾಂಕಿನಿಂದ ಅದನ್ನು ಧಾರವಾಡಕ್ಕೆ ಮುಟ್ಟಿಸಬೇಕು. ದುಡ್ಡಾದರೆ ಈಗ ಮೊಬೈಲಿನಲ್ಲಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಊರು ಸೇರುತ್ತದೆ. ಪಾಟಲಿಗೆ ಆ ಭಾಗ್ಯವಿಲ್ಲ. ಗುಮಾಸ್ತನ ಚಟದಿಂದ 1989ರ ರೈಲ್ವೆ ಕಾಯಿದೆಯನ್ನೂ ತೆಗೆದು ನೋಡಿದೆವು. ಪ್ರಯಾಣಿಕನು ತನ್ನ ವಶದಲ್ಲಿಟ್ಟುಕೊಂಡ ಸಾಮಾನು ಕಳೆದರೆ, ರೈಲ್ವೆಯವರ ಅಲಕ್ಷ್ಯ ರುಜುವಾತಾಗದ ಹೊರತು ಅವರು ಹೊಣೆಯಲ್ಲವೆಂದು 100ನೆಯ ಕಲಮು ಹೇಳುತ್ತದೆ. ಓದಿ ಎದೆ ಇನ್ನಷ್ಟು ಡವಗುಟ್ಟಿತು.

ಇದುವರೆಗೆ ನಮ್ಮ ಭರವಸೆಯೆಲ್ಲ ಬನಿಯನ್ನಿನ ಕಳ್ಳಜೇಬಿನ ಮೇಲೆ. ನೋಟಿಗೆ ಅದು ಸಾಕು. ಬಿಲವಾರ ಇಟ್ಟರೆ ಎದೆಯ ಮೇಲೆ ಬಾವು ಬಂದಂತೆ ಕಾಣುತ್ತದೆ. ಕೊನೆಗೆ ಫುಟ್‌ಪಾಥಿನಲ್ಲಿ ಸೊಂಟಕ್ಕೆ ಕಟ್ಟುವ ಕ್ಯಾನ್ವಾಸಿನ ಪಟ್ಟಿಯೊಂದನ್ನು ಕೊಂಡೆವು. ನಮ್ಮ ಅಜ್ಜನ ಕಾಲದ ವ್ಯಾಪಾರಸ್ಥರು ಇದನ್ನೇ ಹಮ್ಮೀಣಿ ಎನ್ನುತ್ತಿದ್ದರು. ಹೊಸದೆಂದರೆ ಜಿಪ್ಪು ಮಾತ್ರ.

ಹೊರಡಲು ಎಂಟು ದಿನವಿತ್ತು. ಅಷ್ಟರಲ್ಲಿ ಅಭ್ಯಾಸವಾಗಲೆಂದು ಹತ್ತು ರೂಪಾಯಿಯ ಹದಿನಾಲ್ಕು ನಾಣ್ಯಗಳನ್ನು ಚಿಂದಿಯಲ್ಲಿ ಸುತ್ತಿ ಅದರಲ್ಲಿಟ್ಟು ಕಛೇರಿಗೆ ಹೊರಟೆವು. ನಾಣ್ಯಕ್ಕೆ 7.71 ಗ್ರಾಂ, ಹದಿನಾಲ್ಕಕ್ಕೆ ಸುಮಾರು 108 ಗ್ರಾಂ. ಒಂಬತ್ತು ತೊಲಕ್ಕೆ ಹೆಚ್ಚು ಕಡಿಮೆ ಸರಿಹೋಯಿತು.

ತೂಕವೇನೂ ಭಾರವಲ್ಲ. ಆದರೆ ಮುಂದೆ ಕಟ್ಟಿದರೆ ಕುಳಿತಾಗ ಹೊಟ್ಟೆಗೆ ಒತ್ತುತ್ತದೆ. ಹಿಂದೆ ಕಟ್ಟಿದರೆ ಒರಗುವಂತಿಲ್ಲ, ಮೇಲಾಗಿ ನಮ್ಮ ಕಣ್ಣಿಗಿಂತ ಕಳ್ಳನ ಕಣ್ಣಿಗೆ ಹತ್ತಿರ. ಮೂರನೆಯ ದಿನ ಬಲಗಡೆಯ ಸೊಂಟದೆಲುಬಿಗೆ ನಾಲ್ಕು ಬೆರಳು ಮುಂದೆ ಅದಕ್ಕೊಂದು ಜಾಗ ಸಿಕ್ಕಿತು. ಪ್ಯಾಂಟಿನ ಸೊಂಟ ಒಂದಿಂಚು ಬಿಚ್ಚಿಸಿದ್ದಾಯಿತು. ಷರ್ಟು ಹೊರಗೆ ಬಂತು. ಬೆವರಿಗೆ ಪಟ್ಟಿಯ ಅಂಚು ಚರ್ಮ ಕೊರೆಯತೊಡಗಿದಾಗ ನಮ್ಮ ಮನೆಯವಳು ತನ್ನ ಹಳೆಯ ಸೀರೆಯ ತುಂಡನ್ನು ಒಳಗೆ ಹೊಲಿದುಕೊಟ್ಟಳು.

ಪಟ್ಟಿ ಪಳಗಿತು, ಕೈ ಪಳಗಲಿಲ್ಲ. ಗಾಡಿ ಕುಲುಕಿದರೆ ಕೈ ಅಲ್ಲಿಗೆ; ಯಾರಾದರೂ ತಾಗಿದರೆ ಅಲ್ಲಿಗೆ. ಜೇಬುಗಳ್ಳನು ಜೇಬನ್ನು ಹುಡುಕುವುದಿಲ್ಲ, ನಮ್ಮ ಕೈ ಎಲ್ಲಿಗೆ ಹೋಗುತ್ತದೆಂದು ನೋಡುತ್ತಾನೆ ಎನ್ನುವುದನ್ನು ಬಲ್ಲೆವು. ಬಲ್ಲರೇನು? "ಹಂಗ ಘಳಿಗಿಗೊಮ್ಮೆ ಮುಟ್ಟಿ ನೋಡಬ್ಯಾಡ್ರಿ, ಡಂಗುರ ಹೊಡದಂಗ ಆಗತದ" ಎಂದಳು ಇವಳು. ಕಛೇರಿಯಲ್ಲಿ ನಮ್ಮ ಮೇಲಧಿಕಾರಿಗಳು ಎರಡು ದಿನ ನೋಡಿ, ಹೊಟ್ಟೆನೋವೇ ಎಂದು ಕೇಳಿ ಓಮಿನ ಕಷಾಯ ಕುಡಿಯಲು ಹೇಳಿದರು. ಹೌದೆಂದು ತಲೆಯಾಡಿಸಿದೆವು, ಬೇರೆ ಏನು ಹೇಳುವುದು? ಆಮೇಲೆ ಬಲಗೈಗೆ ಸದಾ ಒಂದು ಪತ್ರಿಕೆ ಕೊಟ್ಟು ನೋಡಿದೆವು. ತಕ್ಕಮಟ್ಟಿಗೆ ನಿಂತಿತು.

ಹೊರಡುವ ದಿನ ನಾಣ್ಯ ಹೋಗಿ ಬಂಗಾರ ಬಂತು. ತೂಕ ಅದೇ ಆದರೂ ಮೈ ಒಪ್ಪಲಿಲ್ಲ. ದಾದರಿನಿಂದ ಪುಣೆಯವರೆಗೆ ರೆಪ್ಪೆ ಮುಚ್ಚಲಿಲ್ಲ. ಆಮೇಲೆ ಯಾವಾಗಲೋ ಮುಚ್ಚಿತು. ಮಿರಜದ ಹತ್ತಿರ ಎಚ್ಚರವಾಗಿ ಕೈ ತನ್ನ ಜಾಗಕ್ಕೆ ಹೋಯಿತು. ಅಲ್ಲಿ ಏನೂ ಇಲ್ಲ!

ಆ ನಿಮಿಷವನ್ನು ಬರೆಯಲಾರೆವು. ತಂಗಿಯ ಮುಖ ಕಂಡಿತು, ತಾಯಿಯವರ ಬರಿಗೈ ಕಂಡಿತು. ಎದ್ದು ಕುಳಿತಾಗ ಬೆನ್ನಿಗೆ ಗಟ್ಟಿಯಾದದ್ದೇನೋ ಒತ್ತಿತು. ಮಗ್ಗುಲು ಬದಲಿಸುವಾಗ ಪಟ್ಟಿ ತಿರುಗಿ ಹಿಂದೆ ಹೋಗಿತ್ತು. ಎದುರಿನ ಮುದುಕರು, "ಸೊಂಟ ನೋಯತದೇನ್ರಿ?" ಎಂದರು. "ಭಾಳ ನೋಯತದ್ರಿ" ಎಂದೆವು.

ತಾಯಿಯವರು ಒಂದೊಂದನ್ನೇ ಎಣಿಸಿ ದೇವರ ಮುಂದಿಟ್ಟರು. ಬಳಿಕ ನಮ್ಮ ಸೊಂಟದ ಬಾಸುಂಡೆ ನೋಡಿ ಕೊಬ್ಬರಿ ಎಣ್ಣೆ ಹಚ್ಚಿದರು.

ಲಗ್ನ ಮುಗಿಸಿ ಬಂದು ತಿಂಗಳಾಯಿತು. ಹಮ್ಮೀಣಿ ಗೂಟಕ್ಕೆ ತೂಗಿದೆ. ಕೈ ಮಾತ್ರ ಲೋಕಲ್ ಗಾಡಿಯಲ್ಲಿ ಇನ್ನೂ ಬಲಸೊಂಟಕ್ಕೆ ಹೋಗುತ್ತದೆ. ನಿನ್ನೆ ಮೇಲಧಿಕಾರಿಗಳು ಕರೆದು, ಕಷಾಯ ನಿಲ್ಲಿಸಿ ಒಳ್ಳೆಯ ಡಾಕ್ಟರರನ್ನು ಕಾಣುವುದು ಲೇಸೆಂದರು.